ಡಿ, ಇ ಮತ್ತು ಒಂದು ನಿಂತ ಗೆರೆ

ನನಗೆ ಇಂಗ್ರೇಜಿ ಬರುತ್ತದೆ ಎಂದು ನಮ್ಮ ಹಳ್ಳಿಗೆಲ್ಲ ಹೇಳಿದವನು ನಾನೇ. ಬೇರೆ ಯಾರೂ ಹೇಳುವ ಹಾಗಿರಲಿಲ್ಲ, ಏಕೆಂದರೆ ಬರುತ್ತದೋ ಇಲ್ಲವೋ ಎಂದು ಗುರುತಿಸಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಸಂಗೊಳ್ಳಿಯಿಂದ ಒಂದು ಹರದಾರಿ ಆಚೆಗಿರುವ ನಮ್ಮ ಊರಿನಲ್ಲಿ, ಚಿಮಣಿ ಎಣ್ಣೆಯ ಡಬ್ಬಿಯ ಮೇಲಿನ ಅಕ್ಷರ ಓದಿದ್ದಕ್ಕೇ ನನ್ನನ್ನು ‘ಸಾಹೇಬ’ ಎಂದು ಕರೆಯತೊಡಗಿದ್ದರು. ಚೇಷ್ಟೆಗೆ ಕರೆಯುತ್ತಾರೆಂದು ಗೊತ್ತಿದ್ದರೂ ನನಗೆ ಅದು ಹಿತವಾಗಿತ್ತು. ಅಲ್ಪವಿದ್ಯೆ ಮಹಾಗರ್ವ ಎಂಬ ಮಾತನ್ನು ಹಿರಿಯರು ನನ್ನಂಥವನನ್ನು ನೋಡಿಯೇ ಆಡಿರಬೇಕು.

ಕಲಿತದ್ದು ಇಷ್ಟೇ. ಕಿತ್ತೂರಿನಲ್ಲಿ ಸರಕಾರಿ ಕಾರಕೂನಿಕೆ ಮುಗಿಸಿ ಮನೆ ಸೇರಿದ್ದ ಒಬ್ಬ ವೃದ್ಧರಿದ್ದರು. ಅವರನ್ನು ಎಲ್ಲರೂ ಮಾಸ್ತರರೆಂದೇ ಕರೆಯುತ್ತಿದ್ದರು. ನಮ್ಮ ತಂದೆ ತೀರಿಕೊಂಡ ಮೇಲೆ ಮನೆತನ ನೋಡುತ್ತಿದ್ದ ನನ್ನ ಕಾಕಾ, ‘ಮನ್ಯಾಗ ಒಬ್ಬನರ ಇಂಗ್ರೇಜಿ ಬಲ್ಲಾಂವ ಇರಲಿ’ ಎಂದು ನನ್ನನ್ನು ಎರಡು ವರ್ಷ ಅವರಲ್ಲಿಗೆ ಕಳಿಸಿದ್ದರು. ಮಾಸ್ತರರ ಪಾಠ ಬೇರೆಯವರ ಹಾಗಿರಲಿಲ್ಲ. ಪಾಟಿಯ ಮೇಲೆ ಎರಡೋ ಮೂರೋ ಅಕ್ಷರ ಬರೆದು, ಈ ಅಕ್ಷರಗಳಿರುವ ಶಬ್ದಗಳನ್ನು ಹೇಳು ಎನ್ನುವರು. ಎ ಮತ್ತು ಟಿ ಬರೆದರೆ ನಾನು ಕ್ಯಾಟ್, ರ್ಯಾಟ್, ಹ್ಯಾಟ್ ಎಂದು ಗಡಗಡ ಶುರುಮಾಡುತ್ತಿದ್ದೆ. ನಾಲ್ಕೈದಕ್ಕೆ ಬಾಯಿ ಕಟ್ಟುತ್ತಿತ್ತು. ಆಗ ಅವರು ಕಿವಿ ಹಿಂಡುತ್ತ, ‘ಶಬ್ದ ಅದಾವೋ ತಮ್ಮಾ, ನಿನ್ನ ತಲ್ಯಾಗ ಇಲ್ಲ ಅಷ್ಟ’ ಎನ್ನುತ್ತಿದ್ದರು. ನನಗೆ ದೊಡ್ಡ ಅಕ್ಷರಗಳು ಚೆನ್ನಾಗಿ ಬಂದವು, ಕೂಡಿಸಿ ಬರೆದ ಸಣ್ಣ ಅಕ್ಷರಗಳು ಅರ್ಧಮರ್ಧ ಬಂದವು, ಅಷ್ಟರಲ್ಲಿ ಒಕ್ಕಲುತನಕ್ಕೆ ಕೈ ಬೇಕಾಗಿ ಮನೆಗೆ ಕರೆಸಿಕೊಂಡರು.

ಮುಂದೆ ನನ್ನ ಮದುವೆಯಾಯಿತು. ಹೆಣ್ಣು ರಾಮದುರ್ಗದ್ದು. ಎರಡನೆಯ ವರ್ಷ ಬಸುರಿಯಾಗಿ, ಏಳನೆಯ ತಿಂಗಳ ಕುಬಸದ ಶಾಸ್ತ್ರ ಮುಗಿಸಿಕೊಂಡು ತವರಿಗೆ ಹೋದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಹೋದ ದಿನದಿಂದ ನನಗೆ ಮನೆ ಬೇಸರವಾಗಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಕಾಲ ಅದಲ್ಲ. ಹೆಂಡತಿಯ ಸುದ್ದಿ ಕೇಳುವುದೆಂದರೆ ತಾಯಿಯೆದುರು ನಾಚಿಕೆಗೇಡು. ರಾಮದುರ್ಗದ ಕಡೆಯ ಬಂಡಿಗಳು ಬಂದರೆ ‘ಆ ಕಡೆ ಜ್ವಾಳ ಹೆಂಗದಾವು?’ ಎಂದು ಕೇಳುತ್ತಿದ್ದೆ. ಬಂಡಿಯವರು ಪಾಪ, ಜೋಳದ್ದೇ ಹೇಳುತ್ತಿದ್ದರು.

ತಾರು ಎಂದು ನಾವು ಕರೆಯುವ ತಂತಿಸುದ್ದಿ ಬಂದದ್ದು ಜೋಳದ ಸುಗ್ಗಿಯ ದಿನಗಳಲ್ಲಿ, ಒಂದು ಮಧ್ಯಾಹ್ನ. ನಾನು ಕಣದಿಂದ ಊಟಕ್ಕೆ ಬಂದು ಕಾಲು ತೊಳೆಯುತ್ತಿದ್ದೆ. ನಮ್ಮ ಊರಿಗೆ ಅಂದಿನವರೆಗೆ ಬಂದದ್ದು ಎರಡೇ ತಾರುಗಳು, ಎರಡೂ ಸಾವಿನವು. ಟಪಾಲಿನವನು ಅಂಗಳದಲ್ಲಿ ನಿಂತು, ಎಂದಿನ ನಗೆಯಿಲ್ಲದೆ, ‘ರಾಮದುರ್ಗದ ಕಡಿಂದ ತಾರ ಬಂದೈತ್ರಿ’ ಎಂದ. ನನ್ನ ಕೈಯ ತಂಬಿಗೆ ಕೆಳಗೆ ಬಿತ್ತು. ಅವನು ಕಾಗದ ಚಾಚಿದ. ಅದರ ಕೆಳಗಿನ ಬಲಮೂಲೆ ಹರಿದಿತ್ತು.

ನಮ್ಮ ಕಡೆ ಸಾವಿನ ಸುದ್ದಿ ಬರೆದ ಕಾಗದದ ಒಂದು ಮೂಲೆಯನ್ನು ಹರಿದು ಕಳಿಸುತ್ತಾರೆ. ಓದಲು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಎಂದು. ಶುಭದ ಕಾಗದಕ್ಕೆ ಅರಿಸಿನ, ಅಶುಭದ ಕಾಗದಕ್ಕೆ ಹರಿದ ಮೂಲೆ. ಅಂಥದ್ದನ್ನು ಹೊಸ್ತಿಲು ದಾಟಿಸುವುದಿಲ್ಲ, ಅಂಗಳದಲ್ಲೇ ಓದಿ ಚೂರು ಮಾಡಿ ಒಗೆಯುತ್ತಾರೆ. ನನ್ನ ತಾಯಿಗೆ ಒಂದಕ್ಷರ ಬಾರದು. ಆಕೆ ಬಾಗಿಲಲ್ಲೇ ನಿಂತು ಮೂಲೆಯನ್ನು ನೋಡಿದಳು.

‘ಯವ್ವಾ, ಮೂಲಿ ಹರದೈತಿ! ಹೋದ್ಲಲ್ಲೋ ನನ್ನ ಸೊಸಿ!’ ಎಂದು ಅಲ್ಲೇ ಕುಸಿದಳು.

ಅಳು ಕೇಳಿ ಓಣಿಯ ಜನ ಕೂಡಿದರು. ಕಾಕಾ ಮಾತ್ರ ಎಲ್ಲರ ಮೇಲೆ ರೇಗಿದರು. ‘ಬಾಯಿ ಮುಚ್ರಿ. ತಾರ ತಂತಿ ಮ್ಯಾಲಿಂದ ಬರತೈತಿ. ರಾಮದುರ್ಗದಾಗ ಹರದ ಮೂಲಿ ಇಲ್ಲಿತನಾ ತಂತಿಯೊಳಗ ಹೆಂಗ ಬಂದೀತು?’ ಅವರ ಮಾತಿನಲ್ಲಿ ಹುರುಳಿತ್ತು. ನನಗೆ ಒಂದು ಉಸಿರಿನಷ್ಟು ಸಮಾಧಾನವಾಯಿತು. ಅಷ್ಟರಲ್ಲಿ ಗುಂಪಿನಲ್ಲಿದ್ದ ಒಬ್ಬ ಮುದುಕ, ‘ತಾರ ಬರಕೊಂಡ ಬಾಬು ಹರದಿರಬೇಕ. ಅವರೂ ನಮ್ಮಂಗ ಮನಷ್ಯಾರ, ಪದ್ಧತಿ ಗೊತ್ತಿರತೈತಿ’ ಎಂದ. ಟಪಾಲಿನವನನ್ನು ಕೇಳಿದರೆ, ‘ನನ್ನ ಕೈಯಾಗ ಬಂದಾಗನ ಹಂಗ ಇತ್ತರಿ’ ಎಂದು ಕೈ ಝಾಡಿಸಿದ. ಅದನ್ನು ಹರಿದವರು ಯಾರು, ಬೇಕೆಂದು ಹರಿದರೋ ತಾನಾಗಿ ಹರಿಯಿತೋ, ಇಂದಿಗೂ ನನಗೆ ಗೊತ್ತಿಲ್ಲ.

‘ಸಾಹೇಬಾ, ಓದ ಮತ್ತ’ ಎಂದರು ಯಾರೋ. ಈ ಸಲ ಚೇಷ್ಟೆಯಿರಲಿಲ್ಲ.

ಓದಿದೆ. ಅಕ್ಷರಗಳು ದೊಡ್ಡವು, ಸೀಸದ ಕಡ್ಡಿಯಿಂದ ಬರೆದವು. ಮೂರು ಸಾಲು. ಮೂಲೆ ಓರೆಯಾಗಿ ಹರಿದಿದ್ದರಿಂದ ಮೊದಲಿನ ಎರಡು ಸಾಲುಗಳ ಕೊನೆ ಹೋಗಿತ್ತು. ಮೊದಲ ಸಾಲಿನಲ್ಲಿ ‘ಸಿಸ್ಟರ್’ ಎಂದಿತ್ತು. ಅದು ಗೊತ್ತು, ತಂಗಿ. ನನಗೆ ತಂಗಿಯಿಲ್ಲ. ತಾರು ಮಾಡಿದವನು ನನ್ನ ಹೆಂಡತಿಯ ಅಣ್ಣನೇ ಇರಬೇಕು, ರಾಮದುರ್ಗ ಸಂಸ್ಥಾನದ ಕಚೇರಿಯಲ್ಲಿ ಕೆಲಸಕ್ಕಿದ್ದವನು. ಅವನ ತಂಗಿಯೆಂದರೆ ಈಕೆಯೇ. ಅದರ ಮುಂದೆ ಡಿ, ಇ ಎಂಬ ಎರಡು ಅಕ್ಷರ. ಆಮೇಲೆ ಹರಕು. ಎರಡನೆಯ ಸಾಲಿನಲ್ಲಿ ‘ಬೋಥ್’, ಅಂದರೆ ಇಬ್ಬರೂ. ಅದರ ಮುಂದೆ ಡಬ್ಲ್ಯೂ, ಇ, ಮತ್ತೆ ಹರಕು. ಮೂರನೆಯ ಸಾಲಿನಲ್ಲಿ ‘ಕಮ್’ ಎಂಬ ಒಂದೇ ಸಣ್ಣ ಶಬ್ದ, ಅದು ಪೂರಾ ಉಳಿದಿತ್ತು.

ಡಿ ಮತ್ತು ಇ. ನನ್ನ ತಲೆ ತನ್ನಷ್ಟಕ್ಕೆ ತಾನೇ ಮಾಸ್ತರರ ಆಟ ಶುರುಮಾಡಿತು. ಡೆಡ್. ಡೆತ್. ಕಲಿಯುವಾಗ ಐದಕ್ಕೆ ನಿಲ್ಲುತ್ತಿದ್ದವನಿಗೆ ಈಗ ಎರಡರ ಮುಂದೆ ಹೋಗಲು ಆಗಲಿಲ್ಲ. ಇಬ್ಬರೂ ಎಂದರೆ ಯಾರಿಬ್ಬರು? ಕೇಳಬೇಕಾಗಿರಲಿಲ್ಲ.

‘ಏನೈತೋ?’ ಎಂದರು ಕಾಕಾ.

‘ಅರ್ಧಾ ಹರದೈತ್ರಿ ಕಾಕಾ. ತಿಳಿಯವಲ್ದು.’

ನನ್ನ ತಾಯಿ ಎದ್ದು ಬಂದು ಕಾಗದಕ್ಕೆ ಕೈ ಹಾಕಿದಳು. ‘ತಿಳಿಯೂದೇನೈತಿ, ಹರದ ಒಗಿ ಅದನ್ನ. ಮನ್ಯಾಗ ಇಡಬ್ಯಾಡ’ ಎಂದಳು. ನಾನು ಕೊಡಲಿಲ್ಲ. ಆಕೆ ಜಗ್ಗಿದಳು, ನಾನೂ ಜಗ್ಗಿದೆ. ಹುಟ್ಟಿದಂದಿನಿಂದ ತಾಯಿಯ ಕೈಯನ್ನು ನೂಕಿದವನಲ್ಲ, ಅಂದು ನೂಕಿದೆ. ಅದನ್ನು ಹರಿದರೆ ಹೆಂಡತಿಯನ್ನೇ ಹರಿದಂತೆ ಎಂದು ನನಗೆ ಅನ್ನಿಸಿತ್ತು. ಆ ಎರಡು ಅಕ್ಷರಗಳ ಮುಂದೇನಿತ್ತು ಎಂಬುದು ತಿಳಿಯುವವರೆಗೆ ನನ್ನ ಹೆಂಡತಿ ಸತ್ತಿರಲಿಲ್ಲ.

ಆಮೇಲೆ ಕಟ್ಟೆಯ ಮೇಲೆ ಕುಳಿತು ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಇ ಆದ ಮೇಲೆ, ಹರಕಿನ ಅಂಚಿಗೆ ಸರಿಯಾಗಿ, ಒಂದು ಗೆರೆ ಕಾಣಿಸಿತು. ನೆಟ್ಟಗೆ ನಿಂತ ಗೆರೆ, ಮೂರನೆಯ ಅಕ್ಷರದ ಎಡಗಡೆಯ ಕಾಲು. ಡೆಡ್ ಆಗಲಿ ಡೆತ್ ಆಗಲಿ ಇದ್ದಿದ್ದರೆ ಅಲ್ಲಿ ಎ ಬರಬೇಕು. ಎ ಅಕ್ಷರದ ಕಾಲು ಓರೆ. ಇದು ಓರೆಯಲ್ಲ! ನಾನು ಕಟ್ಟೆಯಿಂದ ಜಿಗಿದು ಕಾಕಾನ ಕೈ ಹಿಡಿದುಕೊಂಡೆ. ‘ಸತ್ತಿಲ್ಲರಿ, ಗೆರಿ ನೆಟ್ಟಗೈತಿ’ ಎಂದೆ. ಕಾಕಾ ನನ್ನನ್ನು ಹುಚ್ಚು ಹಿಡಿದವನನ್ನು ನೋಡುವ ಹಾಗೆ ನೋಡಿದರು.

ಆದರೆ ಆ ಸಂತೋಷ ಕಾಲು ಗಂಟೆಯೂ ಉಳಿಯಲಿಲ್ಲ. ನಿಂತ ಗೆರೆಯಿಂದ ಶುರುವಾಗುವ ಅಕ್ಷರಗಳನ್ನು ಒಂದೊಂದಾಗಿ ಹಚ್ಚುತ್ತ ಹೋದೆ. ಪಿ ಅಕ್ಷರಕ್ಕೆ ಬಂದಾಗ ಮಾಸ್ತರರು ಒಮ್ಮೆ ಹೇಳಿದ್ದು ನೆನಪಾಯಿತು. ‘ಸಾಹೇಬ ಮಂದಿ ಸತ್ರು ಅಂತ ಬರಿಯೂದಿಲ್ಲೋ. ಡಿಪಾರ್ಟೆಡ್ ಅಂತ ಬರೀತಾರ. ನಾವು ಲಿಂಗೈಕ್ಯ ಅಂದಂಗ.’ ಡಿ, ಇ, ಪಿ. ಪಿ ಅಕ್ಷರದ ಕಾಲು ನೆಟ್ಟಗೆ. ನನ್ನ ಭಾವನೋ ಕಚೇರಿಯ ಮನುಷ್ಯ, ಒಣ ಡೌಲಿನವನು. ಅವನು ಬರೆದರೆ ಸಾಹೇಬರ ಶಬ್ದವನ್ನೇ ಬರೆಯುತ್ತಾನೆ.

ಕಾಕಾ ಬಿಚ್ಚುಮನಸ್ಸಿನವರು. ‘ಏನರ ಇರಲಿ, ಈಗ ಕುದುರಿ ಹತ್ತು. ನಾಳಿ ಹೊತ್ತ ಮುಣಗೂದರೊಳಗ ರಾಮದುರ್ಗ ಮುಟ್ಟತಿ’ ಎಂದರು. ಅಂದೇ ಹೊರಟಿದ್ದರೆ ಮರುದಿನ ಮಧ್ಯಾಹ್ನದ ಹೊತ್ತಿಗೇ ಮುಟ್ಟಬಹುದಿತ್ತು. ಕುದುರೆ ಚೆನ್ನಾಗಿತ್ತು, ಹಾದಿಯೂ ಒಣಗಿತ್ತು.

ನಾನು ಹೋಗಲಿಲ್ಲ. ಮಾತು ಮಾತ್ರ ಚೆನ್ನಾಗಿ ಆಡಿದೆ. ಏನು ಬರೆದಿದೆಯೆಂದು ತಿಳಿಯದೆ ಹೋಗುವುದು ಹೇಗೆ, ಮಣ್ಣಿಗೆ ಹೋಗುವುದಾದರೆ ಬಳಗದ ಭಾವುಬಂದರೆಲ್ಲ ಬರಬೇಕು, ಬಾಣಂತಿಯ ಮನೆಗಾದರೆ ಅವ್ವ ಅಂಟಿನ ಉಂಡಿ ಕಟ್ಟಿಕೊಳ್ಳಬೇಕು, ಸಾವಿನ ಮನೆಗೆ ಉಂಡಿ ಒಯ್ಯುವುದೇ, ಬಾಣಂತಿಯ ಮನೆಗೆ ಅಳುತ್ತ ಹೋಗುವುದೇ? ಮೊದಲು ಕಿತ್ತೂರಿಗೆ ಹೋಗುತ್ತೇನೆ, ಮಾಸ್ತರರ ಮನೆಯಲ್ಲಿ ದೊಡ್ಡ ಶಬ್ದಕೋಶವಿದೆ, ತಿಳಿದುಕೊಂಡು ಬರುತ್ತೇನೆ ಎಂದೆ. ಎಲ್ಲರಿಗೂ ಸರಿಯೆನಿಸಿತು. ಇಂಗ್ರೇಜಿ ಬಲ್ಲವನ ಮಾತು ತಾನೆ? ನಿಜ ಏನೆಂದರೆ ನನಗೆ ರಾಮದುರ್ಗದ ಹಾದಿ ಹಿಡಿಯಲು ಹೆದರಿಕೆಯಾಗಿತ್ತು. ಬರೀ ಹೆದರಿಕೆ, ಬೇರೇನೂ ಅಲ್ಲ. ಕಿತ್ತೂರು ಪಡುವಣಕ್ಕೆ, ರಾಮದುರ್ಗ ಮೂಡಣಕ್ಕೆ. ಮರುದಿನ ಬೆಳಗಾಗುತ್ತಲೇ ನಾನು ಪಡುವಣಕ್ಕೆ ಕುದುರೆ ಬಿಟ್ಟೆ.

ಮಾಸ್ತರರಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು. ಧ್ವನಿಯಿಂದ ನನ್ನನ್ನು ಗುರುತಿಸಿ, ‘ಬಾರೋ, ಕುಂಡ್ರು. ಶಬ್ದ ಎಷ್ಟರ ಕಲತಿ?’ ಎಂದು ನಕ್ಕರು. ನಾನು ತಾರನ್ನು ಓದಿ, ನಿಂತ ಗೆರೆಯ ಸಂಗತಿಯನ್ನೂ ಹೇಳಿದೆ. ಅವರು ನಗುವುದನ್ನು ನಿಲ್ಲಿಸಿದರು. ಶಬ್ದಕೋಶ ಇಳಿಸಲು ಹೇಳಿ, ‘ಡಿ, ಇ ತಗಿ. ಆಮ್ಯಾಲಿನ ಅಕ್ಷರಕ್ಕ ನೆಟ್ಟನ ಕಾಲ ಇರೋ ಶಬ್ದ ಅಷ್ಟ ಓದು’ ಎಂದರು.

ಆ ಪುಟಗಳಷ್ಟು ನನ್ನನ್ನು ಅಂಜಿಸಿದ್ದು ಬೇರೊಂದಿಲ್ಲ. ಡಿ, ಇ ಎಂಬ ಎರಡು ಅಕ್ಷರಗಳ ಕೆಳಗೆ ಇಂಗ್ರೇಜಿಯವರು ಜಗತ್ತಿನ ಕೇಡನ್ನೆಲ್ಲ ಒಟ್ಟುಗೂಡಿಸಿ ಇಟ್ಟಿದ್ದಾರೆ. ಸೋಲು ಅಲ್ಲಿದೆ, ಭೂತ ಅಲ್ಲಿದೆ, ಕಳೆದುಕೊಳ್ಳುವುದು ಅಲ್ಲಿದೆ, ಜ್ವರದಲ್ಲಿ ಬಡಬಡಿಸುವುದೂ ಅಲ್ಲಿದೆ. ನಾನು ಒಂದೊಂದನ್ನೂ ಅಕ್ಷರ ಬಿಡಿಸಿ ಓದುವುದು, ಅವರು ‘ಅದಲ್ಲ, ಮುಂದ’ ಎನ್ನುವುದು. ‘ಡಿಪಾರ್ಟ್ ಇರಬಹುದೇನ್ರಿ?’ ಎಂದು ಕೇಳಿದೆ. ಅವರು, ‘ಎಲ್ ಅಕ್ಷರ ಪೂರಾ ನೋಡಿದೇನು?’ ಎಂದರು. ಭಯದ ಭರದಲ್ಲಿ ಎರಡು ಹಾಳೆ ಕೂಡಿಯೇ ತಿರುವಿ ಹಾಕಿದ್ದೆ. ಹಿಂದಕ್ಕೆ ಬಂದೆ. ಡೆಲಿವರ್ ಎಂಬ ಶಬ್ದ ಸಿಕ್ಕಿತು. ಅದರ ಮುಂದಿನ ಕನ್ನಡ ಓದಿದೆ: ‘ಬಿಡಿಸು, ಬಿಡುಗಡೆ ಮಾಡು.’

ಅಷ್ಟು ಓದಿ ಪುಸ್ತಕ ಮುಚ್ಚಿ ಅತ್ತುಬಿಟ್ಟೆ. ಬಹಳ ದಿನ ನರಳಿ ಸತ್ತವರ ಬಗ್ಗೆ ನಾವು ಹೇಳುವುದು ಅದನ್ನೇ ಅಲ್ಲವೇ, ಬಿಡುಗಡೆ ಆಯಿತು ಎಂದು?

‘ಯಾಕ ಅಳತಿ? ಪೂರಾ ಓದು, ಹುಚ್ಚಾ’ ಎಂದು ಮಾಸ್ತರರು ಗದರಿದರು. ಕಣ್ಣೊರೆಸಿಕೊಂಡು ಮತ್ತೆ ತೆಗೆದೆ. ‘ಬಿಡಿಸು, ಬಿಡುಗಡೆ ಮಾಡು, ಒಪ್ಪಿಸು, ಭಾಷಣ ಮಾಡು’ ಎಲ್ಲ ಆದ ಮೇಲೆ ತೀರ ಕೊನೆಗೆ, ‘ಹೆರಿಗೆ ಮಾಡಿಸು’ ಎಂದಿತ್ತು. ಅದನ್ನು ಮೂರು ಸಲ ಓದಿದೆ.

‘ಹಡದಾಳೋ’ ಎಂದರು ಮಾಸ್ತರರು. ನಾನು ಅವರ ಕಾಲು ಹಿಡಿದುಕೊಂಡೆ. ಅವರು ಮಾತ್ರ ಹಿಗ್ಗಲಿಲ್ಲ. ‘ಎರಡನೇ ಸಾಲಿಂದ ಏನಂದಿ? ಡಬ್ಲ್ಯೂ, ಇ?’

‘ವೆಲ್ ಇರಬೇಕ್ರಿ. ಇಬ್ರೂ ಆರಾಮ ಅಂತ.’

‘ವೀಕ್ ಅನ್ನೂದಕ್ಕೂ ಡಬ್ಲ್ಯೂ, ಇ ಬರತಾವು. ಇಬ್ಬರಿಗೂ ನಿತ್ರಾಣ ಅಂತ.’ ಮತ್ತೆ ಕೇಳಿದರು, ‘ತಾರ ಯಾವಾಗ ಬಂತು?’

‘ನಿನ್ನಿ ಮಧ್ಯಾಹ್ನ.’

‘ಮೂರನೇ ಸಾಲು ಪೂರಾ ಐತೆಲ್ಲ, ಅದನ್ನ ಓದು.’

‘ಕಮ್.’

‘ಹಂಗಂದ್ರ?’

‘ಬಾ ಅಂತರಿ.’

‘ಆರಾಮ ಇದ್ರ ತಾರ ಮಾಡಿ ಬಾ ಅಂತ ಯಾಕ ಕರೀತಾರೋ ಮೂಢಾ! ನಿನ್ನಿ ಮಧ್ಯಾಹ್ನ ಬಾ ಅಂದ್ರ ಇವತ್ತ ನನ್ನ ಮುಂದ ಬಂದು ಕುಂತೀಯಲ್ಲ!’ ಕಲಿತ ಎರಡು ವರ್ಷದಲ್ಲಿ ಅವರು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. ಮೊದಲ ವಾರ ಕಲಿತ ಶಬ್ದ ಅದು. ತಿಳಿಯದ ಶಬ್ದಗಳಿಗೆ ಹೆದರಿ, ತಿಳಿದ ಒಂದೇ ಶಬ್ದವನ್ನು ನಾನು ಓದಿಯೂ ಓದಿರಲಿಲ್ಲ.

ಕುದುರೆಗೆ ನೀರು ಕುಡಿಸಲೂ ನಿಲ್ಲದೆ ಹಿಂದಿರುಗಿದೆ. ಊರಿನಲ್ಲಿ ಇಳಿಯಲಿಲ್ಲ. ಅಂಗಳದಲ್ಲಿ ಕುದುರೆ ನಿಲ್ಲಿಸಿ, ‘ಹಡದಾಳಂತ, ಬಂಡಿ ಕಟ್ಟಕೊಂಡು ಬರ್ರಿ’ ಎಂದು ತಾಯಿಗೂ ಕಾಕಾನಿಗೂ ಕೂಗಿ ಹೇಳಿ ಮುಂದಕ್ಕೆ ಹೊಡೆದೆ. ಬೈಲಹೊಂಗಲ ದಾಟುವಾಗ ಹೊತ್ತು ಮುಳುಗಿತು. ಹಾದಿಯ ಒಂದು ಗುಡಿಯಲ್ಲಿ ಕುದುರೆಯ ದಣಿವು ಆರಿಸಿ, ನಸುಕಿಗೇ ಹೊರಟು, ಹೊಳೆ ದಾಟಿ ಸವದತ್ತಿ ಮುಟ್ಟಿದೆ. ಎಲ್ಲಮ್ಮನ ಗುಡ್ಡದ ಕಡೆ ತಿರುಗಿ ಕೈ ಮುಗಿದೆ. ಏನು ಬೇಡಿಕೊಂಡೆನೆಂದು ನೆನಪಿಲ್ಲ, ಒಂದಲ್ಲ ಹತ್ತು ಹರಕೆ ಹೊತ್ತಿರಬೇಕು.

ಹಾದಿಯುದ್ದಕ್ಕೂ ತಲೆಯಲ್ಲಿ ಆ ಆಟ ನಿಲ್ಲಲಿಲ್ಲ. ಡಬ್ಲ್ಯೂ, ಇ. ವೆಲ್. ವೀಕ್. ಕುದುರೆಯ ಕಾಲಿನ ಸಪ್ಪಳಕ್ಕೆ ಸರಿಯಾಗಿ, ವೆಲ್, ವೀಕ್, ವೆಲ್, ವೀಕ್. ಬೇಡವೆಂದರೂ ಬಿಡಲೊಲ್ಲದು. ತೊರಗಲ್ಲಿನ ಕೋಟೆ ಕಣ್ಣಿಗೆ ಬಿದ್ದಾಗ ಮೂರನೆಯ ಶಬ್ದ ಸಿಕ್ಕಿತು. ವೆಂಟ್. ಹೋದರು. ಇಬ್ಬರೂ ಹೋದರು. ಕಲಿಯುವಾಗ ಕಿವಿ ಹಿಂಡಿದರೂ ಹೊಳೆಯದ ಶಬ್ದಗಳು ಈಗ ಕರೆಯದೆ ಬರುತ್ತಿದ್ದವು. ಕುದುರೆ ನಿಲ್ಲಿಸಿ ಬಂದ ಹಾದಿಯ ಕಡೆ ತಿರುಗಿ ನೋಡಿದೆ. ಹಿಂದಕ್ಕೆ ಹೋಗಿಬಿಡಲೇ ಎಂಬ ಯೋಚನೆಯೂ ಬಂತು. ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ರಾಮದುರ್ಗ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಮಾವನ ಮನೆಯ ಓಣಿಯಲ್ಲಿ ಕುದುರೆ ಹಿಡಿದು ನಡೆದೆ. ಅಳು ಕೇಳುತ್ತದೆಯೋ ಎಂದು ಕಿವಿಗೊಟ್ಟೆ, ಕೇಳಲಿಲ್ಲ. ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸಿದ್ದರು. ಓಮಿನ ಹೊಗೆಯ ವಾಸನೆ ಹೊರಗಿನವರೆಗೂ ಬರುತ್ತಿತ್ತು. ಬಾಣಂತಿ ಇರುವ ಮನೆಯ ವಾಸನೆ ಅದು. ನನಗೆ ಜೀವ ಬಂತು. ಅತ್ತೆ ಹೊರಗೆ ಬಂದರು. ನನ್ನನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

‘ಆಕಿ ಅದಾಳಪ್ಪಾ, ಅಂಜಬ್ಯಾಡ್ರಿ’ ಎಂದರು. ‘ಕೂಸು ನಿನ್ನಿ ದೀಪಾ ಹಚ್ಚೂ ಹೊತ್ತಿಗೆ ಹೋತು. ನೀವು ಬಂದು ಒಂದು ಹಿಡಿ ಮಣ್ಣ ಹಾಕತೀರಿ ಅಂತ ಇವತ್ತ ಮಧ್ಯಾಹ್ನದ ತನಕ ಕಾದ್ವಿ. ಆಮ್ಯಾಲೆ ಇಡಾಕ ಆಗಲಿಲ್ಲ.’

ನಾನು ಕಟ್ಟೆಯ ಮೇಲೆ ಕುಳಿತೆ. ನಿನ್ನೆ ದೀಪ ಹಚ್ಚುವ ಹೊತ್ತು. ಕಾಕಾ ಹೇಳಿದಾಗಲೇ ಕುದುರೆ ಹತ್ತಿದ್ದರೆ, ನಿನ್ನೆ ಮಧ್ಯಾಹ್ನ ಈ ಕಟ್ಟೆಯ ಮೇಲೆ ಇರುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಕಿತ್ತೂರಿನಿಂದ ಹಿಂದಿರುಗುತ್ತಿದ್ದೆ.

ಒಳಗಿನ ಕೋಣೆಯಲ್ಲಿ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆಗೂ ಕಿವಿಗೂ ಬಟ್ಟೆ ಕಟ್ಟಿದ್ದರು. ಎರಡೇ ತಿಂಗಳಲ್ಲಿ ಗುರುತು ಸಿಗದಷ್ಟು ಸೊರಗಿದ್ದಳು. ನನ್ನ ಹೆಜ್ಜೆ ಕೇಳಿ ತಿರುಗಿದಳು. ಅತ್ತೆ ಬಾಗಿಲಲ್ಲಿದ್ದರೂ ನಾನು ಹಾಸಿಗೆಯ ಹತ್ತಿರವೇ ಕುಳಿತೆ.

‘ಹೆಣ್ಣ ಇತ್ತರಿ’ ಎಂದಳು. ‘ಕಣ್ಣ ತಗದು ನೋಡತಿತ್ತು. ಕಿವಿ ನಿಮ್ಮಂಗ ಇದ್ವು. ನಿಮ್ಮಪ್ಪ ಬರತಾನ, ತಡಿ, ಅಂತ ಎರಡ ದಿನ ಅದಕ್ಕ ಹೇಳಿದ್ದ ಹೇಳಿದ್ದು.’ ಆಮೇಲೆ ಕೇಳಿದಳು, ‘ತಾರ ಯಾವಾಗ ಮುಟ್ಟಿತ್ರಿ ನಿಮಗ?’

ಆ ಮೂರು ದಿನಗಳಲ್ಲಿ ನಾನು ಹೆದರಿದ್ದೆಲ್ಲ ಆ ಪ್ರಶ್ನೆಯ ಮುಂದೆ ಏನೂ ಅಲ್ಲ.

ಮುಟ್ಟಿದ್ದು ಮೊನ್ನೆ ಮಧ್ಯಾಹ್ನ. ‘ನಿನ್ನಿ ಮಧ್ಯಾಹ್ನ’ ಎಂದೆ.

‘ಹೌದೇನ್ರಿ? ಹಂಗಾರ ಪಾಪ, ನೀವರ ಏನ ಮಾಡತೀರಿ’ ಎಂದಳು. ನನ್ನ ಮೊಳಕೈಯ ಮೇಲಿನ ಧೂಳನ್ನು ಕೈಯಿಂದ ಒರೆಸಿದಳು. ‘ಒಂದ ದಿನದಾಗ ಅಷ್ಟ ದೂರ ಬಂದೀರಿ. ಉಂಡಿರೋ ಇಲ್ಲೋ?’

ಮರುದಿನ ನಮ್ಮ ತಾಯಿ, ಕಾಕಾ ಬಂಡಿಯಲ್ಲಿ ಬಂದಾಗ ಅವರಿಗೆ ಊರ ಹೊರಗೇ ಎದುರಾಗಿ, ತಾರು ಬಂದ ದಿನದ ವಿಷಯ ಬಾಯಿ ಬಿಡಬೇಡಿ ಎಂದು ಕೈ ಮುಗಿದೆ. ಅವರು ಬಾಯಿ ಬಿಡಲಿಲ್ಲ. ಇಬ್ಬರೂ ಈಗಿಲ್ಲ, ಮಾಸ್ತರರೂ ಇಲ್ಲ. ನಮಗೆ ಮುಂದೆ ಮೂರು ಮಕ್ಕಳಾದವು, ದೇವರು ಚೆನ್ನಾಗಿ ಇಟ್ಟಿದ್ದಾನೆ. ನಾನು ದಣಿದು ಬಂದಾಗಲೆಲ್ಲ ಆಕೆ, ‘ನಿಮ್ಮಪ್ಪ ಹಿಂದಕ್ಕ ನನ್ನ ಸಲವಾಗಿ ಒಂದ ದಿನದಾಗ ರಾಮದುರ್ಗ ಮು‍ಟ್ಟಿದ್ರು’ ಎಂದು ಮಕ್ಕಳಿಗೆ ಹೇಳುತ್ತಿದ್ದಳು, ಈಗಲೂ ಹೇಳುತ್ತಾಳೆ. ನಾನು ಎದ್ದು ಹೊರಗೆ ಹೋಗುತ್ತೇನೆ.

ಯಾರಿಗೂ ಹೇಳದ್ದನ್ನು ಈ ವಾರ ಕುಳಿತು ಬರೆದಿದ್ದೇನೆ. ಬರೆದ ಹಾಳೆಗಳನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಈ ಮನೆಯಲ್ಲಿ ಆಕೆ ಕೈಯಾಡಿಸದ ಜಾಗ ಒಂದೂ ಇಲ್ಲ, ಮತ್ತು ಹೋದ ವರ್ಷ ಮೊಮ್ಮಗಳ ಪಾಟಿ ಹಿಡಿದು ಆಕೆ ಕನ್ನಡ ಓದಲು ಕಲಿತಿದ್ದಾಳೆ.